ಹಗುರದ ಡೇರೆ ಮತ್ತು ಕ್ಯಾಸನೂರಿನ ನೆಲ

ಗದ್ದೆಯ ಭತ್ತ ಹಳದಿಗೆ ತಿರುಗಿ, ಸ್ವಾತಿ ಮಳೆಯೂ ಮುಗಿಯಿತೆನ್ನುವ ಹೊತ್ತಿಗೆ ನಮ್ಮ ಬಳಗದಲ್ಲಿ ಪ್ರತಿವರ್ಷವೂ ಒಂದು ಚರ್ಚೆ ಏಳುತ್ತದೆ. ಈ ಸಲದ ಪರಿಸರ ನಡಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ರಾತ್ರಿ ಉಳಿಯುವುದು ಎಲ್ಲಿ ಎಂಬುದು ಆ ಚರ್ಚೆಯ ವಿಷಯ. ಈ ವರ್ಷ ವಿದ್ಯಾರ್ಥಿ ಮಿತ್ರರು ಶಿಕಾರಿಪುರ ತಾಲೂಕಿನ ತಾಳಗುಂದದಿಂದ ಹೊರಟು ಬಳ್ಳಿಗಾವೆಯನ್ನು ನೋಡಿಕೊಂಡು, ಸೊರಬದ ಕಾನುಗಳ ಅಂಚಿನಲ್ಲಿ ಸಾಗಿ, ಚಂದ್ರಗುತ್ತಿಯನ್ನು ಕಂಡು, ಗುಡವಿಯ ಕೆರೆಯಲ್ಲಿ ನಡಿಗೆಯನ್ನು ಮುಗಿಸುವ ಯೋಜನೆ ಹಾಕಿದ್ದಾರೆ. ನಾಲ್ಕೈದು ದಿನಗಳ ನಡಿಗೆ. ಹಿಂದಿನ ವರ್ಷಗಳಲ್ಲಿ ಶಾಲೆಯ ಜಗಲಿಯಲ್ಲೋ ಪರಿಚಿತರ ಅಡಿಕೆ ಅಂಗಳದಲ್ಲೋ ಮಲಗುತ್ತಿದ್ದೆವು. ಈ ಬಾರಿ ನಾಲ್ಕು ನಾಲ್ಕು ಜನರ ಸಣ್ಣ ತಂಡಗಳಾಗಿ ಹೋಗುವುದೆಂದೂ, ಬೆನ್ನಿಗೆ ಹೊರಬಹುದಾದ ಹಗುರದ ಡೇರೆಗಳನ್ನು ಬಳಗದ ಹಣದಿಂದಲೇ ಕೊಳ್ಳುವುದೆಂದೂ ತೀರ್ಮಾನವಾಗಿದೆ.

ತೀರ್ಮಾನ ಸುಲಭವಾಗಿ ಆಯಿತು. ಯಾವ ಡೇರೆ ಎಂಬಲ್ಲಿ ಮಾತ್ರ ಎರಡು ಪಕ್ಷಗಳಾದವು. ವಿದ್ಯಾರ್ಥಿಗಳು ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುವ, ಊರುಗೋಲಿನ ಮೇಲೆ ನಿಲ್ಲುವ, ತಳವೇ ಇಲ್ಲದ ಒಂಟಿ ಪದರದ ಡೇರೆಯ ಚಿತ್ರವನ್ನು ಹಿಡಿದು ಬಂದರು. ಹಿರಿಯರು ನಕ್ಕು, ಅಡಿಕೆ ಒಣಗಿಸುವ ತಾಡಪಾಲನ್ನು ನಾಲ್ಕು ಗಳಕ್ಕೆ ಕಟ್ಟಿದರೆ ಸಾಲದೇ, ಇದಕ್ಕಾಗಿ ಸಾವಿರಾರು ರೂಪಾಯಿ ಏಕೆ ಎಂದು ಕೇಳಿದರು. ಇಬ್ಬರ ಮಾತನ್ನೂ ಕೇಳಿದ ಮೇಲೆ ನನಗೆ ಅನಿಸಿದ್ದು, ಇಬ್ಬರೂ ತಪ್ಪುತ್ತಿದ್ದಾರೆ, ಮತ್ತು ಇಬ್ಬರೂ ಒಂದೇ ಕಡೆಯಲ್ಲಿ ತಪ್ಪುತ್ತಿದ್ದಾರೆ ಎಂದು. ಒಬ್ಬರ ಆಯ್ಕೆಗೂ ತಳವಿಲ್ಲ, ಇನ್ನೊಬ್ಬರದಕ್ಕೂ ತಳವಿಲ್ಲ. ಸೊರಬದ ನೆಲದ ಮೇಲೆ ಮಲಗುವವನು ಮೊದಲು ಯೋಚಿಸಬೇಕಾದದ್ದು ತಲೆಯ ಮೇಲಿನ ಹೊದಿಕೆಯನ್ನಲ್ಲ, ಬೆನ್ನ ಕೆಳಗಿನ ನೆಲವನ್ನು.

ವಿದ್ಯಾರ್ಥಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಬೆನ್ನ ಮೇಲಿನ ಪ್ರತಿ ಕಿಲೋಗ್ರಾಮೂ ಸಂಜೆಯ ಹೊತ್ತಿಗೆ ಮಂಡಿಯಲ್ಲಿ ಲೆಕ್ಕ ಒಪ್ಪಿಸುತ್ತದೆ. ಹೊರೆ ಹಗುರವಾದಷ್ಟೂ ಕಣ್ಣು ನೆಲ ಬಿಟ್ಟು ಮರದ ಕಡೆಗೆ ಏಳುತ್ತದೆ, ಹಕ್ಕಿಯ ದನಿ ಕೇಳಿಸುತ್ತದೆ. ನಡಿಗೆಯ ಉದ್ದೇಶವೂ ಅದೇ ತಾನೆ. ಆದರೆ ಅವರು ತೋರಿಸಿದ ಡೇರೆ ರೂಪುಗೊಂಡದ್ದು ಒಣ ಹವೆಯ, ಎತ್ತರದ, ಕಲ್ಲುಹಾಸಿನ ಪರ್ವತಗಳಿಗಾಗಿ. ಅಲ್ಲಿ ಒಬ್ಬ ನಡಿಗೆಗಾರ ತಿಂಗಳುಗಟ್ಟಲೆ ಒಬ್ಬನೇ ನಡೆಯುತ್ತಾನೆ. ಗ್ರಾಂ ಗ್ರಾಂ ಉಳಿಸುವುದು ಅವನ ಅಗತ್ಯ. ನಮ್ಮದು ತರಗೆಲೆಯ ನಾಡು.

ಈಗ ಮಂಗನ ಕಾಯಿಲೆಯ ಮಾತಿಗೆ ಬರೋಣ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕಿರುವ ಹೆಸರು ನಮ್ಮ ಸೊರಬ ತಾಲೂಕಿನ ಒಂದು ಹಳ್ಳಿಯದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಅವರು ಕಂಡುಹಿಡಿದದ್ದು ಬೇರೆಯೇ ಒಂದು ವೈರಾಣುವನ್ನು. ಅದು ಹರಡುವುದು ಸೊಳ್ಳೆಯಿಂದಲ್ಲ, ಕಾಡಿನ ಉಣ್ಣೆಯಿಂದ. ಒಂದು ತಾಲೂಕಿನ ಕಾಯಿಲೆಯಾಗಿದ್ದದ್ದು ಇಂದು ಪಶ್ಚಿಮ ಘಟ್ಟದ ಉದ್ದಕ್ಕೂ, ಗೋವಾ, ಮಹಾರಾಷ್ಟ್ರ, ಕೇರಳಗಳವರೆಗೂ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಮನೆಗಳನ್ನು ಕಂಗೆಡಿಸಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. 2024ರ ಆರಂಭದಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮತ್ತೆ ಸಾವುಗಳಾದವು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಲಾಗಿದೆ. ಈ ರೋಗಕ್ಕೆಂದೇ ಇರುವ ಔಷಧಿಯಿಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೊಂದೇ ದಾರಿ.

ಇಲ್ಲಿ ಗಮನಿಸಬೇಕಾದದ್ದು ಕಾಲದ ಹೊಂದಾಣಿಕೆ. ದೊಡ್ಡ ಉಣ್ಣೆಗಳು ಮಳೆಗಾಲದಲ್ಲಿ ದನಗಳ ಮೈಯಲ್ಲಿ ರಕ್ತ ಕುಡಿದು ಉದುರಿ ಕಾಡಿನ ತರಗೆಲೆಯಡಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಮಳೆ ಹಿಂದೆಗೆದ ಮೇಲೆ ಇಲಿ, ಹೆಗ್ಗಣ, ಹಕ್ಕಿ, ಮಂಗಗಳ ಮೈಯೇರಿ ಬೆಳೆದು, ಮುಂದಿನ ಹಂತವನ್ನು ತಲುಪುವುದು ನವೆಂಬರ್, ಡಿಸೆಂಬರಿನ ಹೊತ್ತಿಗೆ. ಸಾಸಿವೆಕಾಳಿಗಿಂತ ದೊಡ್ಡದಲ್ಲದ ಈ ಮರಿ ಉಣ್ಣೆಯೇ ಮನುಷ್ಯನಿಗೆ ರೋಗ ಹತ್ತಿಸುವುದು. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಕಾಲೇಜಿಗೆ ರಜೆ ಸಿಗುವುದೂ, ಹೊಳೆ ದಾಟಲು ಬರುವುದೂ, ಇಂಬಳದ ಕಾಟ ತಪ್ಪುವುದೂ, ನಡಿಗೆಗೆ ಹಿತವೆನ್ನಿಸುವುದೂ ಅದೇ ಕಾಲ. ಡೇರೆಯ ಆಯ್ಕೆಯನ್ನು ಸಂಪಾದಕೀಯದ ಮಟ್ಟಕ್ಕೆ ಎಳೆದು ತಂದದ್ದು ಈ ಕಾರಣಕ್ಕೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಸೊರಬದ ಕಡೆ ಆರು ಜನ ವಿದ್ಯಾರ್ಥಿಗಳೊಂದಿಗೆ ಎರಡು ರಾತ್ರಿ ಕಳೆದಿದ್ದೆ. ಎರವಲು ತಂದ ಡೇರೆ; ಬಾಗಿಲಿನ ಜಿಪ್ಪು ಕಿತ್ತುಹೋಗಿತ್ತು. ಸಣ್ಣ ದೋಷವೆಂದು ಹುರಿಯಲ್ಲಿ ಕಟ್ಟಿಕೊಂಡೆವು. ನೆಲ ಗಟ್ಟಿಯೆಂದು ಹುಡುಗರು ಕಾನಿನ ಅಂಚಿನಿಂದ ದರಕು ಗುಡಿಸಿ ತಂದು ಡೇರೆಯ ಕೆಳಗೂ ಬಾಗಿಲ ಮುಂದೆಯೂ ಹಾಸಿದರು. ನಾನು ನೋಡಿಯೂ ಸುಮ್ಮನಿದ್ದೆ, ಮೆತ್ತಗಾಗುತ್ತದೆಯಲ್ಲ ಎಂದು. ಕೃಷಿ ವಿಜ್ಞಾನ ಓದಿದವನ ತಲೆಯಲ್ಲಿ ಅಂದು ಏನಿತ್ತೋ ತಿಳಿಯದು. ಬೆಳಿಗ್ಗೆ ಒಬ್ಬನ ಷರಾಯಿಯ ಹೊಲಿಗೆಯ ಗುಂಟ ಮೂರು, ಇನ್ನೊಬ್ಬಳ ಕಿವಿಯ ಹಿಂದೆ ಒಂದು ಉಣ್ಣೆ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ನೇರವಾಗಿ ಎಳೆದು ತೆಗೆದೆವು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳಬಹುದೆಂಬುದು ಗೊತ್ತಿತ್ತು. ಆ ಎಂಟು ದಿನ ದಿನಕ್ಕೆರಡು ಬಾರಿ ಆ ಹುಡುಗಿಯ ಮನೆಗೆ ದೂರವಾಣಿ ಮಾಡಿ, ಅವಳ ತಾಯಿಯ ದನಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕಿವಿಗೊಟ್ಟು ಕೇಳಿದ್ದೇನೆ. ಏನೂ ಆಗಲಿಲ್ಲ. ಆದರೆ ಅಂದಿನಿಂದ ಡೇರೆಯನ್ನು ಕಂಡಾಗ ನಾನು ಮೊದಲು ನೋಡುವುದು ಜಿಪ್ಪನ್ನು.

ಆದ್ದರಿಂದ ಮೊದಲ ಷರತ್ತು: ತಳ ಗೋಡೆಗೆ ಹೊಲಿದುಕೊಂಡೇ ಇರಬೇಕು, ತೊಟ್ಟಿಲಿನ ಅಂಚಿನಂತೆ ಸುತ್ತಲೂ ಒಂದು ಗೇಣು ಮೇಲೆದ್ದಿರಬೇಕು. ಅದರ ಮೇಲೆ ಒಳಗೋಡೆ ಪೂರ್ತಿ ನೇಯ್ದ ಬಲೆಯಾಗಿರಲಿ. ಬಲೆಯ ಕಣ್ಣು ಮಾಮೂಲಿ ಸೊಳ್ಳೆಪರದೆಗಿಂತ ಸಣ್ಣದಾಗಿರಲಿ. ಬಾಗಿಲಿನ ಜಿಪ್ಪನ್ನು ಅಂಗಡಿಯಲ್ಲಿಯೇ ಇಪ್ಪತ್ತು ಸಲ ಎಳೆದು ನೋಡಬೇಕು, ಮೂಲೆ ತಿರುಗುವಲ್ಲಿ ಸಿಕ್ಕಿಕೊಳ್ಳುವುದೇ ಎಂದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಡೇರೆ ಎಷ್ಟೇ ಹಗುರವಾಗಿರಲಿ, ಎಷ್ಟೇ ಅಗ್ಗವಾಗಿರಲಿ, ನಮಗೆ ಬೇಡ.

ಹಿರಿಯರ ತಾಡಪಾಲಿನ ವಾದಕ್ಕೂ ಉತ್ತರ ಇಲ್ಲಿಯೇ ಇದೆ. ನಮ್ಮ ಹಿಂದಿನವರು ತೆರೆದ ಬಯಲಲ್ಲಿ ಮಲಗುತ್ತಿರಲಿಲ್ಲವೇ ಎಂದು ಅವರು ಕೇಳುತ್ತಾರೆ. ಮಲಗುತ್ತಿದ್ದರು, ಆದರೆ ಹಂದಿ ಕಾಯಲು ಗದ್ದೆಯಲ್ಲಿ ಹಾಕುತ್ತಿದ್ದ ಮಾಳವನ್ನು ನೆನೆಯಿರಿ. ನಾಲ್ಕು ಕಂಬದ ಮೇಲೆ, ಆಳೆತ್ತರದಲ್ಲಿ, ಕೆಳಗೆ ಬೆಂಕಿಯ ಹೊಗೆ. ಮಾಳವೆಂದರೆ ತಳವಿರುವ ಡೇರೆಯೇ. ಅಡಿಕೆ ಅಂಗಳವಾದರೋ ಸಗಣಿ ಸಾರಿಸಿ, ಒಂದು ಎಲೆಯೂ ಇರದಂತೆ ಗುಡಿಸಿದ ನೆಲ. ತಾಡಪಾಲನ್ನು ಅಂಗಳದಲ್ಲಿ ಕಟ್ಟುವುದಾದರೆ ನನ್ನ ಆಕ್ಷೇಪವೇನೂ ಇಲ್ಲ. ಅದನ್ನೇ ಕಾನಿನ ಬುಡಕ್ಕೆ ಒಯ್ದರೆ ಮಾತ್ರ ಅದು ಬೇರೆಯೇ ವಸ್ತುವಾಗುತ್ತದೆ.

ತಾಡಪಾಲಿಗೆ ಗಳ ಬೇಕೆಂಬುದೂ ಒಂದು ತೊಡಕು. ಒಂದು ಶಿಬಿರಕ್ಕೆ ಹತ್ತು ಗಳವೆಂದರೆ ಹತ್ತು ಎಳೆಯ ಮರ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಕುರಿತು ವರದಿ ಬರೆದಾಗ ಈ ಒಂದು ತಾಲೂಕಿನಲ್ಲೇ 171 ಕಾನುಗಳು ಲೆಕ್ಕಕ್ಕೆ ಸಿಕ್ಕಿದ್ದವು. ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದಿದ್ದ, ಕಾಳುಮೆಣಸು, ಬೈನೆ, ದಾಲ್ಚಿನ್ನಿಗಳ ಆ ನಿತ್ಯಹಸಿರು ತುಣುಕುಗಳಲ್ಲಿ ಇಂದು ಉಳಿದವುಗಳನ್ನು ನಾವು ನೋಡಲು ಹೊರಟಿದ್ದೇವೆ. ನೋಡಲು ಹೋದವರೇ ಗಳ ಕಡಿದರೆ ಹೇಗೆ? ತನ್ನ ಕೋಲನ್ನು ತಾನೇ ಹೊತ್ತು ತರುವ ಡೇರೆಗೆ ಕೊಡುವ ಹಣ ಈ ದೃಷ್ಟಿಯಿಂದ ದುಬಾರಿಯಲ್ಲ.

ಇನ್ನು ನೀರಿನ ವಿಚಾರ. ಡಿಸೆಂಬರಿನಲ್ಲಿ ಮಳೆ ಎಲ್ಲಿ ಎನ್ನಬೇಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಒಣಗಲು ಹಾಕಿದ ಅಡಿಕೆ ನೆನೆಯುತ್ತದೆ. ಏಪ್ರಿಲ್ ಬಂತೆಂದರೆ ಅಶ್ವಿನಿ, ಭರಣಿಗಳ ಗುಡುಗು ಮಳೆ, ಅದರ ಹಿಂದೆ ಗಾಳಿ. ಆದರೆ ಚಳಿಗಾಲದ ನಡಿಗೆಯಲ್ಲಿ ನಮ್ಮನ್ನು ತೋಯಿಸುವುದು ಹೆಚ್ಚಾಗಿ ಹೊರಗಿನ ನೀರಲ್ಲ, ಒಳಗಿನದು. ಮಲಗಿದ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಒಂದು ರಾತ್ರಿಗೆ ಸುಮಾರು ಕಾಲು ಲೀಟರು ನೀರನ್ನು ಆವಿಯಾಗಿ ಬಿಡುತ್ತಾನೆ. ಇಬ್ಬರೆಂದರೆ ಅರ್ಧ ಲೀಟರು. ಗದ್ದೆಬಯಲಿನಲ್ಲಿ ಮಂಜು ಕವಿದ ಮುಂಜಾವಿನಲ್ಲಿ ಡೇರೆಯ ಬಟ್ಟೆ ತಣ್ಣಗಾದಾಗ ಈ ಆವಿ ಒಳಮೈಗೆ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಡೇರೆ ಸೋರುತ್ತದೆಂದು ಜನ ದೂರುವ ಹಲವು ಪ್ರಸಂಗಗಳಲ್ಲಿ ಡೇರೆ ಸೋರಿರುವುದೇ ಇಲ್ಲ. ಒಂಟಿ ಪದರದ ಡೇರೆ ನಮ್ಮ ತೇವದ ಹವೆಗೆ ಒಗ್ಗದಿರುವುದು ಇದಕ್ಕೇ. ಬಲೆಯ ಒಳಡೇರೆ, ಅದರಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲುವ ಹೊರಹೊದಿಕೆ, ಎರಡರ ನಡುವೆ ಗಾಳಿ, ಹೊದಿಕೆಯ ನೆತ್ತಿಯಲ್ಲೊಂದು ಗವಾಕ್ಷಿ ಇದ್ದರೆ ಹನಿ ಹೊರಪದರದ ಒಳಮೈಯಲ್ಲೇ ಜಾರಿ ನೆಲ ಸೇರುತ್ತದೆ. ಇದರಿಂದ ಅರ್ಧ ಕಿಲೋಗ್ರಾಂ ಹೆಚ್ಚಾಗಬಹುದು. ತೊಯ್ದ ಹೊದಿಕೆಯನ್ನು ಮರುದಿನ ಹೊರುವಾಗ ಆ ಅರ್ಧ ಕಿಲೋಗ್ರಾಂ ಹೇಗೂ ಬೆನ್ನೇರುತ್ತದೆ.

ಅಂಗಡಿಯ ಚೀಟಿಯಲ್ಲಿರುವ ಎರಡು ಅಂಕಿಗಳನ್ನು ಓದಲು ಕಲಿತರೆ ಸಾಕು, ಉಳಿದ ಜಾಹೀರಾತಿನ ಮಾತುಗಳನ್ನು ಬಿಡಬಹುದು. ಒಂದು ಡೆನಿಯರ್: 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ. ಇಪ್ಪತ್ತು ಡೆನಿಯರ್ ನೂಲಿನ ಬಟ್ಟೆ ಹಗುರ, ಆದರೆ ಮುಳ್ಳಿಗೆ ಸುಲಭವಾಗಿ ಸೋಲುತ್ತದೆ; ತಳಕ್ಕಾದರೂ ನಲವತ್ತಕ್ಕಿಂತ ಮೇಲಿರಲಿ. ಇನ್ನೊಂದು ಮಿಲಿಮೀಟರಿನಲ್ಲಿ ಬರೆದಿರುವ ಅಂಕಿ; ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ಒಸರದೆ ತಡೆಯುತ್ತದೆಂಬ ಅಳತೆ ಅದು. ಹೊರಹೊದಿಕೆಗೆ 1,500 ಇದ್ದರೆ ನಡೆಯುತ್ತದೆ. ತಳಕ್ಕೆ ಅದರ ಇಮ್ಮಡಿ ಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದವನ ಭಾರ ನೀರನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿದ್ದಾರೆಯೇ ಎಂದೂ ನೋಡಬೇಕು. ಸೂಜಿ ಚುಚ್ಚಿದ ಪ್ರತಿ ತೂತೂ ಒಂದು ಕಂಡಿಯೇ. ನೈಲಾನ್ ಗಟ್ಟಿಯಾದರೂ ನೆನೆದರೆ ಹಿಗ್ಗಿ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಹೆಚ್ಚು ತಾಳುತ್ತದೆ. ನಮ್ಮ ಬಳಕೆಗೆ ನಾನು ಪಾಲಿಯೆಸ್ಟರನ್ನೇ ಆರಿಸುತ್ತೇನೆ.

ನಾಲ್ಕು ಜನಕ್ಕೆ ನಾಲ್ಕು ಜನರದೇ ಒಂದು ಡೇರೆ ತೆಗೆದುಕೊಂಡರಾಯಿತಲ್ಲ ಎಂಬುದು ಸಹಜವಾದ ಯೋಚನೆ. ಅಗ್ಗದ ಗುಮ್ಮಟ ಡೇರೆ ನಾಲ್ಕೈದು ಕಿಲೋಗ್ರಾಂ ತೂಗುತ್ತದೆ. ಎರಡೆರಡು ಕಿಲೋಗ್ರಾಮಿನ ಎರಡು ಇಬ್ಬರ ಡೇರೆಗಳೂ ಹತ್ತಿರ ಹತ್ತಿರ ಅಷ್ಟೇ ಆಗುತ್ತವೆ. ತಲೆಗೆ ಒಂದು ಕಿಲೋಗ್ರಾಂ. ಆದರೆ ದೊಡ್ಡ ಡೇರೆಗೆ ದೊಡ್ಡ ಸಮತಟ್ಟಾದ ಜಾಗ ಬೇಕು. ಒಂದು ಕೋಲು ಮುರಿದರೆ ನಾಲ್ವರೂ ಹೊರಗೆ. ಹುಡುಗಿಯರೂ ಹುಡುಗರೂ ಇರುವ ತಂಡಕ್ಕೆ ಎರಡು ಡೇರೆ ಹೇಗೂ ಬೇಕು. ಎರಡಾದರೆ ಒಬ್ಬರು ಕೋಲು ಗೂಟಗಳನ್ನು, ಇನ್ನೊಬ್ಬರು ಬಟ್ಟೆಯನ್ನು ಹೊರುವಂತೆ ಹಂಚಬಹುದು. ಒಂದು ಎಚ್ಚರಿಕೆ: ಚೀಟಿಯಲ್ಲಿ ಇಬ್ಬರಿಗೆ ಎಂದಿದ್ದರೆ ಅದು ಭುಜಕ್ಕೆ ಭುಜ ತಾಗಿಸಿ ಮಲಗುವ ಇಬ್ಬರಿಗೆ; ಚೀಲಗಳಿಗೆ ಒಳಗೆ ಜಾಗವಿರುವುದಿಲ್ಲ. ಹೊರಹೊದಿಕೆಯಡಿ ಬಾಗಿಲ ಮುಂದೆ ಚೀಲ, ಚಪ್ಪಲಿಗಳಿಗೆ ಮರೆಯಿರುವಂಥದ್ದನ್ನೇ ಆರಿಸಬೇಕು. ದಿನವಿಡೀ ಪೊದೆಗೆ ಉಜ್ಜಿ ಬಂದ ಚೀಲವನ್ನು ಹಾಸಿಗೆಗೆ ತರಬಾರದೆಂಬುದಕ್ಕೆ ಕಾರಣ ಮೇಲೆಯೇ ಹೇಳಿದೆ.

ಕೋಲು ಅಲ್ಯೂಮಿನಿಯಮ್ಮಿನದಾಗಿರಲಿ. ಗಾಜುನಾರಿನ ಕೋಲು ಅಗ್ಗ, ಭಾರ. ಸೀಳಿದರೆ ಸಿಬಿರು ಕೈಗೂ ನೆಡುತ್ತದೆ, ಬಟ್ಟೆಯನ್ನೂ ಹರಿಯುತ್ತದೆ. ಮುರಿದಲ್ಲಿಗೆ ತೊಡಿಸಲು ಗೇಣುದ್ದದ ಕೊಳವೆಯೊಂದನ್ನು ಜೊತೆಗೆ ಕೊಡುತ್ತಾರೆ, ಅದನ್ನು ಕಳೆಯದಿರಿ. ಡೇರೆಯೊಂದಿಗೆ ಬರುವ ತಂತಿಯಂಥ ಗೂಟಗಳು ನಮ್ಮ ಜಂಬಿಟ್ಟಿಗೆ ನೆಲಕ್ಕೆ ಬೇಸಗೆಯಲ್ಲಿ ಇಳಿಯುವುದಿಲ್ಲ, ಗದ್ದೆಯ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಊರಿನ ಕಮ್ಮಾರರ ಬಳಿ ಗೇಣುದ್ದದ ಆರು ಕಬ್ಬಿಣದ ಗೂಟಗಳನ್ನು ಬಡಿಸಿಕೊಂಡರೆ ತೂಕ ಸ್ವಲ್ಪ ಹೆಚ್ಚಿದರೂ ರಾತ್ರಿ ನಿದ್ದೆ ಬರುತ್ತದೆ.

ಎಂಥ ಡೇರೆಯಾದರೂ ಅದನ್ನು ಎಲ್ಲಿ ಹೂಡುತ್ತೇವೆ ಎಂಬುದು ಡೇರೆಯಷ್ಟೇ ಮುಖ್ಯ. ಕಾನಿನೊಳಗೆ ಬೇಡ. ಅಭಯಾರಣ್ಯಕ್ಕೂ ಮೀಸಲು ಅರಣ್ಯಕ್ಕೂ ಅನುಮತಿಯಿಲ್ಲದೆ ಹೊಕ್ಕು ತಂಗುವುದು ಕಾನೂನಿಗೆ ವಿರುದ್ಧ. ಗುಡವಿ ಪಕ್ಷಿಧಾಮವೂ ಇದಕ್ಕೆ ಹೊರತಲ್ಲ. ಬಳ್ಳಿಗಾವೆಯ ಕೇದಾರೇಶ್ವರದಂಥ ಸಂರಕ್ಷಿತ ಸ್ಮಾರಕದ ಆವರಣವೂ ಬಿಡಾರದ ಜಾಗವಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ನೆರೆದ ಮೇಲೆ ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾದವು, ಅದು ಸರಿಯಾದದ್ದೇ. ನಮಗೆ ಊರ ಗೌಡರ ಕೊಯ್ಲಾದ ಗದ್ದೆ, ಶಾಲೆಯ ಮೈದಾನ, ದೇವಸ್ಥಾನದ ಬಯಲು ಸಾಕು. ಬೆಳಗಿನಿಂದ ಬಿಸಿಲು ಬಿದ್ದ, ತರಗೆಲೆಯಿಲ್ಲದ, ದನ ಕಟ್ಟದ ನೆಲದಲ್ಲಿ ಉಣ್ಣೆ ಬಾಳುವುದು ಕಷ್ಟ. ನೆರಳು, ತೇವ, ಎಲೆಗಳಿದ್ದಲ್ಲಿ ಅದರ ಮನೆ. ಒಂಟಿ ಮರದ ಬುಡವೂ ಬೇಡ, ಏಪ್ರಿಲಿನ ಸಿಡಿಲಿನ ಕಾಲದಲ್ಲಂತೂ ಬೇಡವೇ ಬೇಡ. ಮಂಗ ಸತ್ತು ಬಿದ್ದಿದೆಯೆಂಬ ಸುದ್ದಿ ಆಸುಪಾಸಿನಲ್ಲಿ ಕೇಳಿಬಂದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ದಾರಿಯನ್ನೇ ಬಿಟ್ಟುಬಿಡಬೇಕು. ನಡಿಗೆ ಒಂದು ವರ್ಷ ತಡವಾದರೆ ಕಾನು ಓಡಿಹೋಗುವುದಿಲ್ಲ. ಹೊರಡುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚುವುದು, ಸಂಜೆ ಡೇರೆ ಹೊಗುವ ಮುನ್ನ ಬಟ್ಟೆ ಬದಲಿಸಿ ಒಬ್ಬರನ್ನೊಬ್ಬರು ಪರೀಕ್ಷಿಸುವುದು, ಇವೆರಡು ಎಲ್ಲ ತಂಡಗಳಿಗೂ ಕಡ್ಡಾಯ.

ಹೀಗೆ ಲೆಕ್ಕ ಹಾಕಿದರೆ ನಮಗೆ ಬೇಕಾದದ್ದು ಎರಡು ಪದರದ, ಹೊಲಿದ ತಳದ, ಎರಡು ಕಿಲೋಗ್ರಾಮಿನ ಆಸುಪಾಸಿನ ಇಬ್ಬರ ಡೇರೆ. ಸಂತೆಯ ಗುಮ್ಮಟ ಡೇರೆಗಿಂತ ಇದರ ಬೆಲೆ ಮೂರು ನಾಲ್ಕು ಪಟ್ಟು. ಬಳಗದ ಹಣದಲ್ಲಿ ಸದ್ಯಕ್ಕೆ ನಾಲ್ಕು ಬರುತ್ತವೆ. ಅಂದರೆ ಎರಡು ತಂಡ, ಎಂಟು ಜನ. ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಲು ಅಗ್ಗದವನ್ನು ಹೆಚ್ಚು ಕೊಳ್ಳೋಣವೆಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದು, ಆದರೆ ಒಪ್ಪಲಾರೆ. ಎಂಟು ಜನ ಮೊದಲು ಹೋಗಿ ಬರಲಿ, ಅವೇ ಡೇರೆಗಳಲ್ಲಿ ಮರುವಾರ ಇನ್ನೆಂಟು ಜನ ಹೊರಡಲಿ.

ಅದಕ್ಕೆ ಡೇರೆ ಉಳಿಯಬೇಕು. ಮಲೆನಾಡಿನಲ್ಲಿ ಡೇರೆ ಹಾಳಾಗುವುದು ಕಾಡಿನಲ್ಲಿ ಕಡಿಮೆ, ಅಟ್ಟದ ಮೇಲೆ ಹೆಚ್ಚು. ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರಿಥೇನ್ ಲೇಪ ತೇವದಲ್ಲಿ ಮಡಚಿಟ್ಟರೆ ನಿಧಾನವಾಗಿ ಒಡೆದು ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ, ಒಂದೆರಡು ಮಳೆಗಾಲದಲ್ಲಿ ಸಿಪ್ಪೆಯಂತೆ ಸುಲಿಯುತ್ತದೆ. ಆದ್ದರಿಂದ ಡೇರೆ ಒಯ್ದವರು ಅದನ್ನು ಒಳಗು ಹೊರಗು ಮಾಡಿ ಕೊಡವಿ, ಜಗಲಿಯ ನೆರಳಿನಲ್ಲಿ ಎರಡು ದಿನ ಹರವಿ, ಹೊಲಿಗೆಯ ಮೂಲೆಗಳೂ ಒಣಗಿದವೆಂದು ಕೈಯಿಂದ ಮುಟ್ಟಿ ನೋಡಿಯೇ ಹಿಂದಿರುಗಿಸಬೇಕು. ಮಡಚಿ ಬಿಗಿಯುವುದು ಬೇಡ. ಹಳೆಯ ಹತ್ತಿಯ ಚೀಲದಲ್ಲಿ ಸಡಿಲವಾಗಿ ತುಂಬಿದರೆ ಸಾಕು. ಮಳೆಗಾಲದಲ್ಲಿ ಅವು ನಮ್ಮ ಮನೆಯಲ್ಲಿ, ಬೀಜದ ಭತ್ತವಿಡುವ ಒಣ ಕೋಣೆಯಲ್ಲಿ ಇರುತ್ತವೆ. ಇಲಿಯ ಕಾವಲಿಗೆ ಬೆಕ್ಕು ಇದೆ.